ಮುಳುಗಿದ ಹಡಗಿಗೆ ಮೊದಲ ಡೈವ್: ಇಳಿಯುವ ಮುಂಚೆ ಮಾಡಿಕೊಳ್ಳಬೇಕಾದ ತಯಾರಿ

ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಪ್ರಮಾಣಪತ್ರವಾದ ಓಪನ್ ವಾಟರ್ ಕಾರ್ಡ್ ಕೈಗೆ ಬಂದ ಕೂಡಲೇ ಬಹಳ ಮಂದಿಯ ಮನಸ್ಸು ಓಡುವುದು ಮುಳುಗಿದ ಹಡಗುಗಳ ಕಡೆಗೆ. ಓಡಲಿ, ತಪ್ಪೇನಿಲ್ಲ. ಆದರೆ ಆ ಕಾರ್ಡಿನ ಆಳದ ಮಿತಿ 18 ಮೀಟರ್. 1941ರಲ್ಲಿ ಬಾಂಬಿಗೆ ಸಿಕ್ಕಿ ಕೆಂಪು ಸಮುದ್ರ ಸೇರಿದ ಥಿಸಲ್‌ಗಾರ್ಮ್ ಕೂತಿರುವುದು ಸುಮಾರು 30 ಮೀಟರ್ ಆಳದಲ್ಲಿ. 1980ರಲ್ಲಿ ಸೈಪ್ರಸ್‌ನ ಲಾರ್ನಾಕಾ ಬಳಿ ಮುಳುಗಿದ ಝೆನೋಬಿಯಾ 42 ಮೀಟರ್ ತಳದಲ್ಲಿ ಎಡಮಗ್ಗುಲಾಗಿ ಮಲಗಿದೆ. ಅದರ ಮೇಲಿನ ಅಂಚು ಮುಟ್ಟುವಷ್ಟರಲ್ಲೇ ಹೊಸಬರ ಮಿತಿ ಬಹುಪಾಲು ಮುಗಿದಿರುತ್ತದೆ. ಬಾಲಿಯ ತುಲಾಂಬೆನ್‌ನಲ್ಲಿರುವ ಲಿಬರ್ಟಿ ಮಾತ್ರ ಬೇರೆ ಥರ. ಅದರ ಮೇಲ್ಭಾಗ ಹತ್ತು ಮೀಟರಿಗೂ ಕಡಿಮೆ ನೀರಿನಲ್ಲಿದೆ, ದಡದಿಂದಲೇ ಇಳಿಯಬಹುದು. ಮೊದಲ ಹಡಗು ಇಂಥದ್ದೇ ಇರಲಿ. ಮೊದಲ ನಾಲ್ಕೈದು ಡೈವ್‌ಗಳಲ್ಲಿ ಹೊರಗಿನಿಂದ ನೋಡಿದರೆ ಸಾಕು, ಒಳಗೆ ಹೋಗುವ ಮಾತು ಬೇಡ.

ತೇಲುವಿಕೆ ಹದಕ್ಕೆ ಬರಲಿ

ಹಡಗಿನ ಮೈಮೇಲೆ ಎರಡು ವಸ್ತು ಸದಾ ಕೂತಿರುತ್ತವೆ: ನುಣುಪಾದ ಹೂಳು ಮತ್ತು ತುಕ್ಕಿನ ಪುಡಿ. ಕಾಲನ್ನು ಮೇಲೆ ಕೆಳಗೆ ಬಡಿಯುವ ಮಾಮೂಲಿ ಈಜು ನೀರನ್ನು ಕೆಳಕ್ಕೆ ನೂಕುತ್ತದೆ. ನಾಲ್ಕೇ ಬಡಿತಕ್ಕೆ ಹತ್ತು ಮೀಟರ್ ಕಾಣುತ್ತಿದ್ದ ಜಾಗದಲ್ಲಿ ಸ್ವಂತ ಕೈ ಕಾಣದಂತಾಗುತ್ತದೆ. ಆದ್ದರಿಂದ ಮೊಣಕಾಲು ಮಡಚಿ, ಫಿನ್‌ಗಳನ್ನು ಬೆನ್ನಿಗಿಂತ ಮೇಲಿಟ್ಟು, ನೀರನ್ನು ಹಿಂದಕ್ಕೆ ಮಾತ್ರ ತಳ್ಳುವ ಕಪ್ಪೆ ಈಜು ಕಲಿಯಲೇಬೇಕು.

ಅದಕ್ಕೂ ಮುಂಚೆ ಸೀಸದ ತೂಕ ಸರಿಪಡಿಸಿಕೊಳ್ಳಿ. ಡೈವ್ ಮುಗಿಸಿ ಸಿಲಿಂಡರ್‌ನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಿರುವಾಗ ಮೇಲ್ಮೈಯಲ್ಲಿ ನೆಟ್ಟಗೆ ನಿಂತು ಬಿಸಿಡಿ, ಅಂದರೆ ತೇಲುವಿಕೆ ಹೊಂದಿಸುವ ಗಾಳಿಯ ಜಾಕೆಟ್ಟನ್ನು, ಪೂರ್ತಿ ಖಾಲಿ ಮಾಡಿ. ಸಾಧಾರಣ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ನಿಧಾನ ಮುಳುಗಬೇಕು. ತುಂಬಿದ ಸಿಲಿಂಡರ್‌ನಲ್ಲಿ ಪರೀಕ್ಷಿಸಿದರೆ ಆಮೇಲೆ ಸುಮಾರು 2 ಕಿಲೋ ಸೇರಿಸಬೇಕಾಗುತ್ತದೆ. ಡೈವಿನುದ್ದಕ್ಕೂ ಖರ್ಚಾಗುವ ಗಾಳಿಯ ತೂಕವೇ ಅಷ್ಟಿದೆ. ಹೊಸಬರಲ್ಲಿ ಹೆಚ್ಚಿನವರು ಹೊರುವುದು ಬೇಕಾದ್ದಕ್ಕಿಂತ ಜಾಸ್ತಿ ಸೀಸವನ್ನೇ. ಅದನ್ನು ಸರಿದೂಗಿಸಲು ಬಿಸಿಡಿಗೆ ಗಾಳಿ ತುಂಬಿದರೆ ಎದೆ ಮೇಲೆದ್ದು ಕಾಲು ಇಳಿಬೀಳುತ್ತದೆ, ಹೂಳೇಳುವುದು ಅಲ್ಲಿಂದಲೇ.

ಈಗ ಪರೀಕ್ಷೆ. ಈಜುಕೊಳದ ತಳದಲ್ಲಿ ಒಂದು ಟಾರ್ಚ್ ಇಡಿ. ಅದರ ಮೇಲೆ ಮುಖ 30 ಸೆಂಟಿಮೀಟರ್ ಎತ್ತರದಲ್ಲಿರುವಂತೆ ಅಡ್ಡಲಾಗಿ ತೇಲುತ್ತ, ಕೈ ಆಡಿಸದೆ, ತಳ ಮುಟ್ಟದೆ ಮೂರು ನಿಮಿಷ ಇರಿ. ಆಮೇಲೆ ಅದರ ಸುತ್ತ ಒಂದು ಸುತ್ತು ಬಂದು, ಹಿಂದಕ್ಕೆ ಸರಿಯಿರಿ. ಹಿಂದೆ ಸರಿಯುವುದೇ ಎಲ್ಲಕ್ಕಿಂತ ಕಷ್ಟ, ಹಡಗಿನ ಬಳಿ ಎಲ್ಲಕ್ಕಿಂತ ಬೇಕಾಗುವುದೂ ಅದೇ.

ಗಾಳಿಯ ಲೆಕ್ಕ

'50 ಬಾರ್ ಉಳಿಸಿಕೊಂಡು ಮೇಲೆ ಬನ್ನಿ' ಎಂಬ ಕೋರ್ಸಿನ ಪಾಠ ಹಡಗಿನ ಹತ್ತಿರ ಸಾಲದು. ಮೊದಲು ನಿಮ್ಮ ಖರ್ಚು ತಿಳಿದುಕೊಳ್ಳಿ. 10 ಮೀಟರಿನಲ್ಲಿ ಹತ್ತು ನಿಮಿಷ ಒಂದೇ ಸಮನೆ ಈಜಿ, ಎಷ್ಟು ಬಾರ್ ಇಳಿಯಿತು ನೋಡಿ. 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ 36 ಬಾರ್ ಇಳಿದರೆ ಸುಮಾರು 400 ಲೀಟರ್. ಅಲ್ಲಿ ಒತ್ತಡ ಮೇಲ್ಮೈಯ ಎರಡು ಪಟ್ಟು, ಹಾಗಾಗಿ ನಿಮ್ಮ ಖರ್ಚು ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್.

ಇನ್ನು ಮೀಸಲು. ಜೊತೆಗಾರರ ಗಾಳಿ ನಿಂತುಹೋಗಿ ಇಬ್ಬರೂ ಒಂದೇ ಸಿಲಿಂಡರ್‌ನಿಂದ ಉಸಿರಾಡುತ್ತ ಮೇಲೇರಬೇಕಾಯಿತು ಎಂದುಕೊಳ್ಳಿ. ಗಾಬರಿಯಲ್ಲಿ ನಿಮಿಷಕ್ಕೆ ತಲಾ 30 ಲೀಟರ್ ಹಿಡಿಯೋಣ. 20 ಮೀಟರಿನಲ್ಲಿ ಸುಧಾರಿಸಿಕೊಳ್ಳಲು ಒಂದು ನಿಮಿಷ, ಅಲ್ಲಿ ಒತ್ತಡ ಮೂರು ಪಟ್ಟು: 60 ಗುಣಿಸು 3, ಅಂದರೆ 180 ಲೀಟರ್. ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಲು ಮೂರು ನಿಮಿಷ, ಸರಾಸರಿ ಒತ್ತಡ 2: 360 ಲೀಟರ್. 5 ಮೀಟರಿನಲ್ಲಿ ಮೂರು ನಿಮಿಷದ ನಿಲುಗಡೆ, ಒತ್ತಡ 1.5: 270. ಒಟ್ಟು 810 ಲೀಟರ್, ಅಂದರೆ ಅದೇ ಸಿಲಿಂಡರ್‌ನಲ್ಲಿ 73 ಬಾರ್. ಇದೇ ಲೆಕ್ಕ 30 ಮೀಟರಿಗೆ 100 ಬಾರ್ ಆಗುತ್ತದೆ. 50ಕ್ಕೆ ಹೊರಟವರು ಅರ್ಧ ದಾರಿಯಲ್ಲೇ ಸಿಕ್ಕಿಬೀಳುವುದು ಹೀಗೆ.

ಇಳಿದ ಹಗ್ಗಕ್ಕೇ ಮರಳಬೇಕಿದ್ದರೆ ಇನ್ನೊಂದು ಕಳೆಯುವ ಲೆಕ್ಕವಿದೆ. ತುಂಬಿದ ಸಿಲಿಂಡರ್‌ನ 200 ಬಾರ್‌ನಲ್ಲಿ ಮೀಸಲು 75 ಹೋದರೆ 125, ಅದರ ಅರ್ಧ ಹೋಗಲು, ಅರ್ಧ ಬರಲು. ಹಾಗಾಗಿ ಗೇಜ್ 140 ತೋರಿಸಿದಾಗ ತಿರುಗಬೇಕು. ಈ ಎರಡು ಅಂಕಿ ಸ್ಲೇಟಿನ ಮೇಲೆ ಬರೆದಿರಲಿ. ಇಬ್ಬರಲ್ಲಿ ಯಾರದು ಮೊದಲು ಆ ಅಂಕಿ ಮುಟ್ಟಿದರೂ ಇಬ್ಬರೂ ತಿರುಗುವುದು.

ಮೈಮೇಲೆ ಏನು, ಎಲ್ಲಿ

ಹಡಗಿಗೆ ಮೀನುಗಾರರ ಬಲೆ, ಗಾಳದ ದಾರ ಸಿಕ್ಕಿಕೊಂಡಿರುವುದು ಮಾಮೂಲು. ನೈಲಾನ್ ದಾರ ನೀರಿನಲ್ಲಿ ಕಾಣುವುದಿಲ್ಲ, ಸಿಲುಕುವುದೂ ಹೆಚ್ಚಾಗಿ ತಲೆಯ ಹಿಂದಿನ ವಾಲ್ವ್‌ಗೆ. ಯಾರೋ ಹಿಂದಿನಿಂದ ಹಿಡಿದೆಳೆದಂತಾದಾಗ ತಿರುಗಿ ನೋಡುವುದು ಸಹಜ; ತಿರುಗಿದರೆ ಇನ್ನೊಂದು ಸುತ್ತು ಬಿಗಿಯುತ್ತದೆ. ನಿಂತು, ಅರ್ಧ ಮೀಟರ್ ಹಿಂದೆ ಸರಿದು, ಜೊತೆಗಾರರಿಗೆ ಟಾರ್ಚ್ ಬೆಳಕಿನಲ್ಲಿ ಸನ್ನೆ ಮಾಡಿ. ಕತ್ತರಿಸುವ ಸಾಧನ ಎರಡೂ ಕೈಗೆ ಎಟುಕುವಂತೆ ಎದೆಯ ಪಟ್ಟಿಯ ಮೇಲಿರಲಿ. ಮೀನಖಂಡಕ್ಕೆ ಕಟ್ಟಿದ ಉದ್ದನೆಯ ಚಾಕು ನೋಡಲು ಚೆಂದ, ಅಷ್ಟೇ. ಸಿಲುಕಿದಾಗ ಅದು ಎಟುಕುವುದಿಲ್ಲ, ಕೆಲವೊಮ್ಮೆ ಸಿಲುಕಿಸುವುದೇ ಅದು. ದಾರಕ್ಕೆ ಕೊಕ್ಕೆ ಆಕಾರದ ಕಟರ್, ತಂತಿ ಮತ್ತು ಬಲೆಗೆ ದಪ್ಪ ಕತ್ತರಿ ಒಳ್ಳೆಯದು.

ನೇತಾಡುವ ಆಕ್ಟೋಪಸ್ (ಜೊತೆಗಾರರಿಗೆಂದು ಇರುವ ಹೆಚ್ಚುವರಿ ಉಸಿರಾಟದ ಬಾಯಿ), ಗೇಜ್ ಎಲ್ಲವೂ ಮೈಗೆ ಅಂಟಿಕೊಂಡಿರಬೇಕು. ಸ್ನಾರ್ಕಲ್ ದೋಣಿಯಲ್ಲೇ ಇರಲಿ. ಸಾಧನ ಸಿಕ್ಕಿಸುವ ಕೊಕ್ಕೆಗಳಾದ ಬೋಲ್ಟ್ ಸ್ನ್ಯಾಪ್‌ಗಳನ್ನು ಲೋಹದ ಉಂಗುರದಿಂದಲ್ಲ, ಗಟ್ಟಿ ದಾರದಿಂದ ಕಟ್ಟಿ. ಜಾಮ್ ಆದರೆ ದಾರ ಕತ್ತರಿಸಬಹುದು, ಉಕ್ಕನ್ನು ಆಗದು. ಟಾರ್ಚ್ ಎರಡು ಬೇಕು. ಪೂರ್ಣ ತೋಳಿನ ಸೂಟ್ ಬೇಕು. ನಿಷೇಧ ಇಲ್ಲದ ಕಡೆ ಗ್ಲೌಸ್ ಕೂಡ. ತುಕ್ಕಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಅದರ ಮೇಲೆ ಕಲ್ಲಿನಂತೆ ಕೂತ ಚೇಳುಮೀನು ಕಣ್ಣಿಗೇ ಬೀಳುವುದಿಲ್ಲ. ಕಳೆದ ಹತ್ತು ವರ್ಷದಲ್ಲಿ ಟೆಟನಸ್ ಚುಚ್ಚುಮದ್ದು ಆಗಿದೆಯೇ ಎಂದೂ ನೋಡಿಕೊಳ್ಳಿ.

ಗುರುತಿನ ಬೋಯ್ ಮತ್ತು ಅದನ್ನು ಬಿಡುವ ಸ್ಪೂಲ್ (ದಾರದ ಉರುಳೆ) ಅಗತ್ಯ. ಪ್ರವಾಹಕ್ಕೆ ಸಿಕ್ಕಿ ಹಗ್ಗ ತಪ್ಪಿದರೆ ದೋಣಿಯವರಿಗೆ ನೀವು ಕಾಣುವುದು ಅದರಿಂದಲೇ.

ರೀಲ್ ಅಭ್ಯಾಸ ನೆಲದ ಮೇಲೆ

ರೀಲ್ ಅಂದರೆ ಹಡಗಿನ ಒಳಗೆ ಹೋದವರು ಹಿಂದಿರುಗುವ ದಾರಿ ತಪ್ಪದಂತೆ ಬಿಡುತ್ತ ಸಾಗುವ ದಾರದ ಸುರುಳಿ. ಅದನ್ನು ನೀರಿನಲ್ಲಿ ಮೊದಲ ಸಲ ಬಿಚ್ಚಿದವರ ಕೈಯಲ್ಲಿ ಗೂಡಿನಂಥ ಗಂಟು ಖಾತ್ರಿ. ಮರ, ಕಂಬಗಳಿರುವ ಬಯಲೊಂದು ಸಾಕು.

1. ಮೊದಲ ಕಂಬಕ್ಕೆ ಕಟ್ಟಿ. ಇದು ಹಡಗಿನ ಹೊರಗಿನ ಕಟ್ಟು.
2. ಎರಡು ಮೀಟರ್ ಮುಂದೆ ಎರಡನೇ ಕಟ್ಟು. ಮೊದಲನೆಯದು ಬಿಚ್ಚಿದರೆ ಉಳಿಸುವುದು ಇದು.
3. ಮುಂದೆ ಪ್ರತಿ ತಿರುವಿನಲ್ಲೂ ಒಂದು ಸುತ್ತು ಹಾಕಿ. ಡ್ರಮ್ಮಿನ ಮೇಲೆ ಬೆರಳಿನ ಒತ್ತಡ ಸದಾ ಇರಲಿ. ಸಡಿಲ ದಾರವೇ ಬಲೆ.
4. ಮಾಸ್ಕಿಗೆ ಬಟ್ಟೆ ಕಟ್ಟಿ, ಬೆರಳುಗಳನ್ನು ಉಂಗುರದಂತೆ ಮಾಡಿ ದಾರ ಎಳೆಯದೆ ಹಿಂದಿರುಗಿ. ಜೊತೆಗಾರರು ಮುಂದೆ, ರೀಲ್ ಹಿಡಿದವರು ಸುತ್ತುತ್ತ ಹಿಂದೆ.

ಡೈವ್ ದಿನ

ಇಳಿಯುವುದು, ಏರುವುದು ಎರಡೂ ಹಗ್ಗ ಹಿಡಿದೇ. ಮೊದಲು ಪ್ರವಾಹಕ್ಕೆ ಎದುರಾಗಿ ಈಜಿ, ಮರಳುವಾಗ ಅದೇ ನಿಮ್ಮನ್ನು ತರುತ್ತದೆ. ದಿಕ್ಸೂಚಿಯನ್ನು ಹಡಗಿನ ಹತ್ತಿರ ನಂಬಬೇಡಿ, ಸಾವಿರಾರು ಟನ್ ಉಕ್ಕು ಮುಳ್ಳನ್ನು ತನ್ನತ್ತ ಎಳೆಯುತ್ತದೆ. ಹಗ್ಗ ಕಟ್ಟಿದ ಜಾಗದ ಗುರುತು ಇಟ್ಟುಕೊಳ್ಳಿ: ವಿಂಚ್, ಮುರಿದ ಕಂಬಿ, ಏನಾದರೂ. ಬಿಟ್ಟು ಹೊರಡುವಾಗ ಒಮ್ಮೆ ಹಿಂದಿರುಗಿ ನೋಡಿ, ಬರುವಾಗ ಕಾಣುವುದು ಆ ಮುಖವೇ.

ಬಾಗಿಲೊಂದು ತೆರೆದು ಕರೆಯುತ್ತಿರುತ್ತದೆ. ಹೊಕ್ಕ ಜಾಗದಲ್ಲೇ ಹೊರದಾರಿಯ ಬೆಳಕು ಕಾಣುತ್ತಿದ್ದು, ಇಬ್ಬರು ಪಕ್ಕಪಕ್ಕ ಹಾಯುವಷ್ಟು ಅಗಲವಿದ್ದರೂ ಗೈಡ್ ಮುಂದಿದ್ದರೆ ಮಾತ್ರ ಹೋಗಬೇಕು. ಅದಕ್ಕಿಂತ ಒಳಗೆ ರೆಕ್ ಕೋರ್ಸ್ (ಮುಳುಗಿದ ಹಡಗಿನ ಡೈವಿಂಗ್ ತರಬೇತಿ) ಮಾಡಿದ ಮೇಲೆಯೇ. ಕೋರ್ಸ್ ಮಾಡಿದವರಿಗೂ ಆಳ ಮತ್ತು ಒಳಹೋದ ದೂರ ಸೇರಿ ಮೇಲ್ಮೈಯಿಂದ 40 ಮೀಟರ್ ಮಿತಿ: 25 ಮೀಟರ್ ಆಳದಲ್ಲಿದ್ದರೆ ಒಳಕ್ಕೆ ಬರೀ 15. ಅಲ್ಲಿ ಹೂಳು ಕಾಲಿನಿಂದ ಮಾತ್ರ ಏಳುವುದಿಲ್ಲ, ನಿಮ್ಮ ಗುಳ್ಳೆಗಳು ತಾಗಿ ಚಾವಣಿಯ ತುಕ್ಕೂ ಉದುರುತ್ತದೆ. ಚಾವಣಿಯಡಿ ಬೆಳ್ಳಿಯಂತೆ ಹೊಳೆಯುವ ಗಾಳಿಯ ಗುಡ್ಡೆ ಕಂಡರೆ ಬಾಯಿಂದ ರೆಗ್ಯುಲೇಟರ್ (ಉಸಿರಾಟದ ಸಾಧನ) ತೆಗೆಯಬೇಡಿ. ಅದು ಬೇರೆಯವರು ಬಿಟ್ಟ ಉಸಿರು, ತುಕ್ಕು ಅದರ ಆಮ್ಲಜನಕವನ್ನು ತಿಂದಿರುತ್ತದೆ.

ಯುದ್ಧದಲ್ಲಿ ಮುಳುಗಿದ ಹಡಗುಗಳಲ್ಲಿ ಸಿಡಿಯದ ಮದ್ದುಗುಂಡು ಇರಬಹುದು, ಹಲವು ಸಮಾಧಿಗಳೂ ಹೌದು. ಏನನ್ನೂ ಎತ್ತಬಾರದು.

ವಾಪಸಾದ ಮೇಲೆ ರೀಲಿನ ದಾರವನ್ನು ಪೂರ್ತಿ ಬಿಚ್ಚಿ ಸಿಹಿನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಬೆರಳ ನಡುವೆ ಹಾಯಿಸುತ್ತ ಸುತ್ತಿ. ತುಕ್ಕಿಗೆ ಉಜ್ಜಿ ಎಳೆ ಎದ್ದ ಜಾಗ ಆಗ ಬೆರಳಿಗೆ ತಾಗುತ್ತದೆ. ಅಲ್ಲಿಗೆ ಆ ದಾರ ಬದಲಿಸಿ.