ಉತ್ತರ 102 ಬಂದರೆ ಪೆನ್ ಕೆಳಗಿಡಿ

ಬದಿಯಡ್ಕದ ಕಡೆ ಪ್ಲಸ್ ಟು ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತೇನೆ. ಫ್ಯಾರಡೆ ನಿಯಮ ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಯೂಮಿನಿಯಂ ಕುಲುಮೆಯ ಕರೆಂಟ್ ದಕ್ಷತೆ (ಹರಿದ ಕರೆಂಟಿಗೆ ಬರಬೇಕಾದ ಲೋಹದಲ್ಲಿ ನಿಜವಾಗಿ ಬಂದದ್ದು ಶೇಕಡಾ ಎಷ್ಟು) ಲೆಕ್ಕ ಹಾಕಿ ಅಂದರೆ ಒಬ್ಬರಾದರೂ 102 ಶೇಕಡಾ ಎಂದು ಬರೆದು ಅಡಿಗೆರೆ ಎಳೆದಿರುತ್ತಾರೆ. ಅಷ್ಟು ಬರಲು ಸಾಧ್ಯವೇ ಇಲ್ಲ.

ಹಂತ 1: ಬರಬೇಕಾದ ಲೋಹ. ಅಲ್ಯೂಮಿನಿಯಂನ ಪರಮಾಣು ತೂಕ 26.98 ಅನ್ನು 3 × 96485 ರಿಂದ ಭಾಗಿಸಿ (3 ಅಂದರೆ ಒಂದು ಪರಮಾಣುವಿಗೆ ಬೇಕಾದ ಎಲೆಕ್ಟ್ರಾನ್, 96485 ಫ್ಯಾರಡೆ ಸ್ಥಿರಾಂಕ). 1000 ಆಂಪಿಯರ್ ಒಂದು ದಿನ ಹರಿದರೆ 8.05 ಕೆಜಿ. ಇದನ್ನು ನೆನಪಿಟ್ಟರೆ ಸಾಕು, ಗೈಡಿನ ಅರ್ಧ ಪುಟ ಉಳಿಯುತ್ತದೆ. (ಒಂದು ಗೈಡಿನಲ್ಲಿ ಆ 3 ಬಿಟ್ಟೇ ಹೋಗಿತ್ತು!) 180 ಕಿಲೋ ಆಂಪಿಯರ್ ಕುಲುಮೆಗೆ 1449 ಕೆಜಿ.

ಹಂತ 2: ನಿಜವಾಗಿ ಬಂದ ಲೋಹ. ಎಡವುವುದು ಇಲ್ಲೇ. ಆ ದಿನ ಹೊರತೆಗೆದದ್ದು 1480 ಕೆಜಿ ಎಂದುಕೊಳ್ಳಿ. ತೆಗೆದದ್ದೆಲ್ಲ ಅಂದೇ ಹುಟ್ಟಿದ್ದಲ್ಲ. ನಮ್ಮ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಬಾವಿ) ನೀರು ಬಂದು ತುಂಬುವ ಕೆರೆ ನೋಡಿ. ಪಂಪು ಹಾಕಿ ಅಡಿಕೆ ತೋಟಕ್ಕೆ ಬಿಟ್ಟ ನೀರನ್ನೆಲ್ಲ ಇವತ್ತು ಸುರಂಗ ಕೊಟ್ಟಿತು ಅಂತ ಹೇಳುತ್ತೀರಾ? ಕೆರೆ ಎಷ್ಟು ಇಳಿಯಿತು ಅಂತಲೂ ನೋಡಬೇಕು, ಅಲ್ವಾ?

ಹಾಗಾದರೆ ಕುಲುಮೆಯೊಳಗಿನ ಲೋಹದ ಮಟ್ಟ ಅಳೆದರಾಯಿತು ಎನ್ನುತ್ತಾರೆ ಮಕ್ಕಳು. ಲೋಹದ ಹರವು 30 ಚದರ ಮೀಟರ್ ಇದ್ದರೆ ಒಂದೇ ಒಂದು ಮಿಲಿಮೀಟರ್ ಅಂದರೆ ಸುಮಾರು 69 ಕೆಜಿ. ಅಳತೆ ಅಷ್ಟು ತಪ್ಪಿದರೂ ದಕ್ಷತೆ ಹತ್ತಿರ ಹತ್ತಿರ 5 ಶೇಕಡಾ ಆಚೀಚೆ. ಕಾಂತಬಲಕ್ಕೆ ಆ ಲೋಹ ಅಲೆ ಏಳುತ್ತಲೂ ಇರುತ್ತದೆ. ಬದಿಯಲ್ಲಿ ಹೆಪ್ಪುಗಟ್ಟಿದ ಗೋಡೆ ದಪ್ಪವಾದರೆ ಲೋಹ ಹುಟ್ಟದೆಯೂ ಮಟ್ಟ ಏರುತ್ತದೆ. ಹಾಗಾಗಿ ಒಂದು ದಿನದ ಲೆಕ್ಕ ಬೇಡವೇ ಬೇಡ. ಕೆಲವು ತಿಂಗಳದ್ದು ತೆಗೆದುಕೊಳ್ಳಿ. ಇಲ್ಲವೇ ಸ್ವಲ್ಪ ತಾಮ್ರ ಹಾಕಿ, ಬೆರೆತ ಮೇಲೆ ಹೊಸ ಲೋಹ ಸೇರಿದಂತೆ ಅದು ದಿನದಿನಕ್ಕೆ ಹೇಗೆ ತೆಳುವಾಗುತ್ತದೆ ನೋಡಿ. ಕೆರೆಗೆ ಉಪ್ಪು ಹಾಕಿ ರುಚಿ ನೋಡಿದ ಹಾಗೆ. ನನಗೆ ಇದೇ ಇಷ್ಟ.

ಹಂತ 3: ಬಂದದ್ದನ್ನು ಬರಬೇಕಾದದ್ದರಿಂದ ಭಾಗಿಸಿ, 100 ರಿಂದ ಗುಣಿಸಿ. ಒಳ್ಳೆಯ ಕುಲುಮೆಗೆ 94–96 ಬರುತ್ತದೆ.

ಹಂತ 4: ಉಳಿದದ್ದು ಎಲ್ಲಿ ಹೋಯಿತು? ಹೆಚ್ಚಿನ ಪಾಲು ಹಿಮ್ಮುಖ ಕ್ರಿಯೆಗೆ. ಹುಟ್ಟಿದ ಲೋಹ ಚೂರು ಚೂರೇ ಕ್ರಯೋಲೈಟ್ ದ್ರವದಲ್ಲಿ (ಅಲ್ಯೂಮಿನಾವನ್ನು ಕರಗಿಸಿಡುವ ಬಿಸಿ ಲವಣದ್ರವ) ಕರಗಿ, ಮೇಲಿನ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮತ್ತೆ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಆಗುತ್ತದೆ. ಕಾರಣ ಬರೆಯುವಾಗ ಉಷ್ಣತೆಯನ್ನೇ ಮೊದಲು ಬರೆಯಿರಿ. ಸುಮಾರು 960 ಡಿಗ್ರಿಯಿಂದ 10 ಡಿಗ್ರಿ ಏರಿದರೂ 1–2 ಶೇಕಡಾ ನಷ್ಟ. ಅಲ್ಯೂಮಿನಿಯಂ ಫ್ಲೋರೈಡ್ ಜಾಸ್ತಿ ಹಾಕುವುದು ಇದಕ್ಕೇ: ದ್ರವ ಕಡಿಮೆ ಬಿಸಿಯಲ್ಲೇ ಕರಗಿರುತ್ತದೆ, ಲೋಹವೂ ಕಡಿಮೆ ಕರಗುತ್ತದೆ. ಆನೋಡನ್ನು (ಮೇಲಿನ ಇಂಗಾಲದ ಎಲೆಕ್ಟ್ರೋಡ್) ಲೋಹಕ್ಕೆ ತೀರಾ ಹತ್ತಿರ ಇಳಿಸಿದರೂ ನಷ್ಟವೇ. ರಂಜಕದ ಕಲ್ಮಶ ಒಂದು ಎಲೆಕ್ಟ್ರೋಡಿನಿಂದ ಇನ್ನೊಂದಕ್ಕೆ ಓಡಾಡಿ ಕರೆಂಟು ಸುಮ್ನೆ ತಿನ್ನುತ್ತದೆ.

ಇನ್ನೊಂದು. ಕರೆಂಟ್ ದಕ್ಷತೆಯ ಸೂತ್ರದಲ್ಲಿ ವೋಲ್ಟೇಜ್ ಇಲ್ಲ. ಪ್ರಶ್ನೆಯಲ್ಲಿ 4.2 ವೋಲ್ಟ್ ಕೊಟ್ಟಿದ್ದಾರೆ ಅಂತ ಅದನ್ನು ಇಲ್ಲಿ ತುರುಕಬೇಡಿ. ಅದು ಬೇಕಾಗುವುದು ಶಕ್ತಿಯ ಲೆಕ್ಕಕ್ಕೆ. ಫ್ಯಾರಡೆ ಲೆಕ್ಕದಲ್ಲಿ ಒಂದು ಕಿಲೋಗೆ 2.98 ಕಿಲೋ ಆಂಪಿಯರ್-ಗಂಟೆ ಬೇಕು; ದಕ್ಷತೆ 94 ಶೇಕಡಾ ಇದ್ದರೆ 2.98 × 4.2 ÷ 0.94, ಅಂದರೆ ಕಿಲೋಗೆ ಸುಮಾರು 13.3 ಯೂನಿಟ್. ಹೌದು, ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್.