ಗಟಾರದ ಲೆಕ್ಕ ಕೇಳುವುದು ಹೇಗೆ?

ಜೂನ್ ಮಳೆಗೆ ಗಟಾರ ಉಕ್ಕಿ ರಸ್ತೆಗೆ ಬಂದರೆ ಕಾರವಾರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಈ ವರ್ಷ ಹೂಳು ತೆಗೆದೇ ಇಲ್ಲ.’ ತೆಗೆದಿದ್ದಾರೆಂದು ನಗರಸಭೆಯವರು ಬರೆದುಕೊಂಡಿದ್ದಾರೋ ಇಲ್ಲವೋ ಎಂಬುದು ಅಲ್ಲಿಯ ಕಡತದಲ್ಲಿರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನು ಕೇಳಲು ಅರ್ಜಿ ಶುಲ್ಕ 10 ರೂಪಾಯಿ. ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ರೂಮು ಹಿಡಿದು ಓದುತ್ತಿರುವ ಜೊಯಿಡಾದ ಹುಡುಗಿಯೂ ಕೇಳಬಹುದು. ಮತದಾರರ ಪಟ್ಟಿಯ ಹೆಸರು ಊರಲ್ಲಿದ್ದರೇನಂತೆ, ಭಾರತದ ಪ್ರಜೆಯಾಗಿದ್ದರೆ ಸಾಕು.

ಮೊದಲು ಜಾಗ ಗಟ್ಟಿ ಮಾಡಿಕೊಳ್ಳಿ: ವಾರ್ಡ್ ಸಂಖ್ಯೆ, ರಸ್ತೆಯ ಹೆಸರು, ಯಾವ ತಿರುವಿನಿಂದ ಯಾವ ತಿರುವಿನವರೆಗೆ. ‘ನಮ್ಮ ಏರಿಯಾದ ಗಟಾರ’ ಎಂದರೆ ಕಡತ ಸಿಗುವುದಿಲ್ಲ.

ಇನ್ನು ಅರ್ಜಿ. ‘ಯಾಕೆ ಸ್ವಚ್ಛ ಮಾಡಿಲ್ಲ?’ ಎಂದು ದಯವಿಟ್ಟು ಬರೆಯಬೇಡಿ. ಕಚೇರಿಯಲ್ಲಿ ಇರುವ ದಾಖಲೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆಯೇ ಹೊರತು ವಿವರಣೆ ಕೊಡಬೇಕೆಂದಲ್ಲ. ಎಷ್ಟೋ ಒಳ್ಳೆಯ ಅರ್ಜಿಗಳು ಸೋಲುವುದು ಇಲ್ಲೇ. ಕಾಗದದ ಹೆಸರು ಹಿಡಿದು ಕೇಳಿ: ‘ಈ ಗಟಾರದ ಹೂಳೆತ್ತುವ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿಸಿದ ಬಿಲ್‌ಗಳ ದೃಢೀಕೃತ ಪ್ರತಿ ಕೊಡಿ.’

ಕಾರ್ಯಾದೇಶ ಎಂದರೆ ಗುತ್ತಿಗೆದಾರನಿಗೆ ಕೆಲಸ ವಹಿಸಿದ ಆದೇಶ. ಇವುಗಳಲ್ಲಿ ಜೀವಾಳ ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಕೆಲಸವಾಗಿದೆ ಎಂದು ಎಂಜಿನಿಯರ್ ಬರೆದು ಸಹಿ ಹಾಕುವುದು ಅದರಲ್ಲಿ. ಬಿಲ್ ಆಗುವುದು ಅದರ ಮೇಲೆ. ಪ್ರತಿ ಕೈಗೆ ಬಂದ ದಿನ ಟೇಪು ಹಿಡಿದು ಉದ್ದ ಅಗಲ ನೀವೇ ಅಳೆಯಿರಿ. 200 ಮೀಟರ್ ಎಂದು ಬರೆದ ಕಡೆ ಗಟಾರವೇ 120 ಮೀಟರ್ ಇದ್ದರೆ ಮುಂದೆ ಯಾರೂ ವಾದಿಸಬೇಕಾಗಿಲ್ಲ. ಕಾಮಗಾರಿ ನಡೆಯುವಾಗಲೇ ನೋಡುವ ಹಕ್ಕೂ ಇದೆ. ಕಾಯ್ದೆಯ 2(ಜೆ) ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಹಳ ಜನ ಅದನ್ನು ಬಳಸುವುದಿಲ್ಲ ಎಂಬ ಬೇಸರ ನನಗಿದೆ.

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಯಾಕೆ ಬೇಕು ಎಂದು ಕಾರಣ ಹೇಳಬೇಕಿಲ್ಲ. ನಗರಸಭೆಯ ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಹೆಸರಿಗೆ ಬರೆದು, ಪೋಸ್ಟಲ್ ಆರ್ಡರ್ ಲಗತ್ತಿಸಿ, ಖುದ್ದಾಗಿ ಕೊಟ್ಟರೆ ಸ್ವೀಕೃತಿ ಮುದ್ರೆ ಬೀಳುವವರೆಗೆ ಕೌಂಟರ್ ಬಿಡಬೇಡಿ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕವಿಲ್ಲ. ಕಾರ್ಡಿನ ಪ್ರತಿ ಜೊತೆಗಿಡಿ.

ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮುಂದಿನ 30 ದಿನದೊಳಗೆ ಅಲ್ಲಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಸಾಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಉತ್ತರದ 30 ದಿನದ ಗಡುವು ಮೀರಿದ ಮೇಲೆ ಕೊಡುವ ಪ್ರತಿಗಳಿಗೆ ಹಣ ಕೇಳುವಂತಿಲ್ಲ.

ಮಳೆಗೆ ಮುಂಚೆ ಕೆಲಸ ನಡೆಯುವಾಗಲೇ ನೋಡಬೇಕೆಂದರೆ ಕಾರ್ಯಾದೇಶದ ಪ್ರತಿಯನ್ನು ಏಪ್ರಿಲ್‌ನಲ್ಲೇ ಕೇಳಿಬಿಡಿ. ಅಳತೆ ಪುಸ್ತಕಕ್ಕೆ ಬಿಲ್ ಪಾಸಾದ ಮೇಲೆ ಇನ್ನೊಂದು ಅರ್ಜಿ, ಇನ್ನೊಂದು 10 ರೂಪಾಯಿ.