ವಸಡಿನಲ್ಲಿ ರಕ್ತ ಬಂದಾಗ ಹಲ್ಲುಜ್ಜುವುದು ಹೇಗೆ?

ರಕ್ತ ಕಂಡ ಕೂಡಲೇ ಆ ಜಾಗ ಬಿಟ್ಟು ಉಳಿದ ಕಡೆ ಉಜ್ಜುವವರನ್ನು ಎಷ್ಟೋ ಸಲ ನೋಡಿದ್ದೇನೆ. ಗಾಯವಾಗಿದೆ, ಮುಟ್ಟಬಾರದು ಅನ್ನುವ ಭಯ. ಬಿಟ್ಟ ಜಾಗದಲ್ಲೇ ಕಾಯಿಲೆ ಬೇರೂರುತ್ತದೆ.

ಅಲ್ಲಿ ಆಗುತ್ತಿರುವುದು ಇಷ್ಟು. ಹಲ್ಲಿಗೂ ವಸಡಿಗೂ ನಡುವೆ ಸಣ್ಣ ಸಂದು ಇರುತ್ತದೆ. ಆರೋಗ್ಯವಾಗಿದ್ದರೆ ಅದರ ಆಳ 1ರಿಂದ 3 ಮಿಲಿಮೀಟರ್. ಅದರ ಅಂಚಿನಲ್ಲಿ ಬ್ಯಾಕ್ಟೀರಿಯಾ ಅಂಟಂಟಾದ ಪದರ ಕಟ್ಟುತ್ತವೆ. ಇದೇ ಪ್ಲಾಕ್. ಜೊಲ್ಲಿನಲ್ಲಿರುವ ಲೈಸೋಜೈಮ್ ಎಂಬ ಕಿಣ್ವ ಮತ್ತು ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಇದನ್ನು ಒಂದಷ್ಟು ತಡೆಯುತ್ತವೆ. ಪದರ ದಪ್ಪವಾದರೆ ಅವು ಸಾಲುವುದಿಲ್ಲ. ಆಗ ವಸಡಿನ ರಕ್ತನಾಳಗಳು ಹಿಗ್ಗುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸಂದಿಗೆ ನುಗ್ಗುತ್ತವೆ. ವಸಡು ಕೆಂಪಾಗಿ ಊದುವುದು, ಮುಟ್ಟಿದರೆ ರಕ್ತ ಬರುವುದು ಇದರಿಂದಲೇ. ಪದರ ಹೋಗದಿದ್ದರೆ ಕಾದಾಟವೂ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾ ಕೊಲ್ಲಲು ಈ ಕಣಗಳು ಬಿಡುವ ಕಿಣ್ವಗಳು ನಮ್ಮ ವಸಡನ್ನೇ ತಿನ್ನತೊಡಗುತ್ತವೆ. ಕೆಲವರಲ್ಲಿ ಹಲ್ಲು ಹಿಡಿದಿರುವ ಮೂಳೆಯೂ ಕರಗುತ್ತದೆ.

ಬ್ರಷ್ ಮೃದುವಾದದ್ದೇ ಇರಲಿ. ಗಟ್ಟಿ ಎಳೆಯದು ಬೇಡವೇ ಬೇಡ.

ಈಗ ಎಲ್ಲರೂ ಎಡವುವ ಹಂತ. ಬ್ರಷ್ಷನ್ನು ಹಲ್ಲಿಗೆ ನೇರವಾಗಿ ಹಿಡಿಯಬೇಡಿ, ವಸಡಿನ ಕಡೆಗೆ 45 ಡಿಗ್ರಿ ಓರೆ ಮಾಡಿ. ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಕೂರಬೇಕು. ಎಳೆಗಳ ತುದಿ ಸಂದಿಗೆ ಇಳಿಯುವಷ್ಟು ಮಾತ್ರ ಒತ್ತಿ. ಅಲ್ಲೇ ಪುಟ್ಟದಾಗಿ ಹಿಂದೆ ಮುಂದೆ ಅಲುಗಾಡಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಸವರಿ. ಎರಡು ಮೂರು ಹಲ್ಲು ಮುಗಿದ ಮೇಲೆ ಮುಂದಕ್ಕೆ ಹೋಗಿ. ಎಳೆಗಳು ಬಾಗಿ ಹರಡಿಕೊಂಡರೆ ಒತ್ತಡ ಜಾಸ್ತಿಯಾಯಿತು ಎಂದೇ ಅರ್ಥ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ಲಂಬವಾಗಿ ನಿಲ್ಲಿಸಿ. ಹೆಚ್ಚಿನವರು ಮರೆಯುವ ಜಾಗ ಅದು.

ಹಲ್ಲು ಹಲ್ಲಿನ ನಡುವೆ ದಿನಕ್ಕೊಮ್ಮೆ ಫ್ಲಾಸ್ ಎಂಬ ತೆಳು ದಾರ ಅಥವಾ ಸಂದಿಗೆ ಹೋಗುವ ಸಣ್ಣ ಬ್ರಷ್ ಆಡಿಸಿ. ಮೌತ್‌ವಾಶ್ ಮುಕ್ಕಳಿಸಿದರೆ ಸಾಕು ಅಂತ ಸುಮ್ನೆ ಇರಬೇಡಿ. ಅಂಟಿದ ಪದರವನ್ನು ತಿಕ್ಕಿಯೇ ತೆಗೆಯಬೇಕು.

ಎಷ್ಟು ದಿನ ಬೇಕು? 1965ರಲ್ಲಿ ಡೆನ್ಮಾರ್ಕ್‌ನಲ್ಲಿ ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಹಾಗಾಗಿ ಮೊದಲ ಕೆಲವು ದಿನ ರಕ್ತ ಬಂದರೂ ಬಿಡಬೇಡಿ. ಎರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರ ಬಳಿ ಹೋಗಿ. ಕಲ್ಲಿನಂತೆ ಗಟ್ಟಿಯಾದ ಪ್ಲಾಕ್ ಬ್ರಷ್‌ಗೆ ಬರುವುದಿಲ್ಲ.

ಸಿಗರೇಟು ಸೇದುವವರು ರಕ್ತಕ್ಕಾಗಿ ಕಾಯಬೇಡಿ. ಸೇದುವವರ ವಸಡಿನಲ್ಲಿ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುತ್ತದೆ. ಈಗಲೇ ತೋರಿಸಿಕೊಳ್ಳಿ.